ಮೇಜಿನ ಕೆಳಗಿನ ಮೈಕೆಲಾಂಜೆಲೊ

(ಚಿತ್ರಕಲೆ ಓದಿದ ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪು, ಬೆಂಗಳೂರು)

ಸುಧಾ: 📎 ಪಿಡಿಎಫ್: ಪುಟಾಣಿಗಳಿಗೆ ಕಲಾ ಇತಿಹಾಸ, 10 ಚಟುವಟಿಕೆ
ಫಾರ್ವರ್ಡ್ ಆಗಿ ಬಂದಿದ್ದು. ಮೇ ಶಿಬಿರಕ್ಕೆ ಇದನ್ನೇ ಹಿಡಿಯೋಣ ಅಂತಿದ್ದೀನಿ. ಜಯನಗರದ ಹಾಲ್, 20 ಮಕ್ಕಳು, 6ರಿಂದ 9 ವರ್ಷ, ದಿನಕ್ಕೆ ಒಂದೂವರೆ ಗಂಟೆ. ನೋಡಿ ಹೇಳಿ.

ನಾಗೇಶ: ಮೊದಲನೇ ಪುಟದಲ್ಲೇ ಮುಗ್ಗರಿಸಿದ್ದಾರೆ. ಮೇಜಿನಡಿ ಹಾಳೆ ಅಂಟಿಸಿ ಮಕ್ಕಳನ್ನ ಅಂಗಾತ ಮಲಗಿಸಿ, ಮೈಕೆಲಾಂಜೆಲೊ ರೋಮಿನ ಸಿಸ್ಟೈನ್ ಚಾಪೆಲ್ ಚಾವಣಿನ ಹೀಗೇ ಬರೆದ ಅಂತ ಹೇಳ್ಬೇಕಂತೆ. ಅವನು ಮಲಗಿ ಬರೆದಿಲ್ಲ ಕಣೇ. 1508ರಿಂದ 1512ರ ತನಕ ಅಟ್ಟಣಿಗೆ ಮೇಲೆ ನಿಂತು, ಕತ್ತು ಹಿಂದಕ್ಕೆ ಚಾಚಿ ಬರೆದಿದ್ದು. ಆ ಪಾಡನ್ನೇ ಪದ್ಯ ಕಟ್ಟಿ, ಪಕ್ಕದಲ್ಲಿ ನಿಂತು ಬರೀತಿರೋ ತನ್ನ ಚಿತ್ರಾನೂ ಗೀಚಿಟ್ಟಿದ್ದಾನೆ.

ಸುಧಾ: ಆರು ವರ್ಷದ ಮಗುಗೆ ನಿಂತರೇನು, ಮಲಗಿದರೇನೋ? ಚಾವಣಿಗೆ ಬರೆಯೋದು ಕಷ್ಟ ಅಂತ ಗೊತ್ತಾದರೆ ಸಾಕು.

ವನಜಕ್ಕ: ಮಲಗಿಸಿದರೆ ಆ ಕಷ್ಟಾನೇ ಗೊತ್ತಾಗಲ್ಲಮ್ಮ. ತಲೆಗೆ ನೆಲ ಸಿಕ್ಕಿತು ಅಂದರೆ ಕತ್ತು ನೋಯಲ್ಲ. ಅದೇ ಮೇಜಿನಡಿ ಚಕ್ಕಳಮಕ್ಕಳ ಕೂರಿಸು. ಮೇಜು 75 ಸೆಂಟಿಮೀಟರ್ ಇದ್ದರೆ 6-7 ವರ್ಷದವರ ತಲೆ ಮೇಲೆ ಸ್ವಲ್ಪ ಜಾಗ ಉಳಿಯುತ್ತೆ. 8-9 ವರ್ಷದವರಿಗೆ ತಲೆ ತಗಲುತ್ತೆ, ಎತ್ತರದ ಮೇಜು ಬೇಕು. ಒದ್ದೆ ಬಣ್ಣ ಕೊಡಬೇಡ, ಕಣ್ಣಿಗೆ ತೊಟ್ಟಿಕ್ಕುತ್ತೆ. ಇದ್ದಿಲೂ ಬೇಡ, ಪುಡಿ ಉದುರುತ್ತೆ. ಮೇಣದ ಕ್ರೇಯಾನ್ ಒಂದೇ ಸರಿ. ಟೇಪು ಬರೀ ಮೂಲೆಗೆ ಹಾಕಿದರೆ ಹಾಳೆ ನಡುವೆ ಜೋತು ಬಿದ್ದು, ಒತ್ತಿ ಬರೆದಾಗ ಹರಿಯುತ್ತೆ. ನಾಲ್ಕು ಅಂಚಿಗೂ ಉದ್ದಕ್ಕೆ ಹಾಕಿಸು.

ರಿಜ್ವಾನ್: ಮೂರನೇ ಪುಟ ಇನ್ನೂ ಮಜಾ. ಮಲೆನಾಡಿನ ಹಸೆ ಚಿತ್ತಾರದ ಫೋಟೋ ಹಾಕಿ 'ಕರ್ನಾಟಕದ ವಾರ್ಲಿ' ಅಂತ ಬರೆದಿದ್ದಾರೆ 😄 ವಾರ್ಲಿ ಮಹಾರಾಷ್ಟ್ರದ್ದು. ಹಸೆ ಬರೆಯೋ ದೀವರ ಹೆಂಗಸರು ನೋಡಿದರೆ ಬೈತಾರೆ.

ನಾಗೇಶ: ಅದಕ್ಕೆ ಹೆಸರು ತಿದ್ದಿದರೆ ಆಯ್ತು. ಐದನೇ ಪುಟದ ಫ್ರೆಸ್ಕೊ ಮಾತ್ರ ತಿದ್ದೋಕೇ ಆಗಲ್ಲ. ಪೇಪರ್ ತಟ್ಟೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಪೋಸ್ಟರ್ ಕಲರ್ ಬಳಿದರೆ ಫ್ರೆಸ್ಕೊ ಅಂತೆ! ಪಿಒಪಿ ಅಂದರೆ ಸುಟ್ಟ ಜಿಪ್ಸಮ್ ಪುಡಿ. ನೀರು ಕುಡಿದು ಹತ್ತು-ಹದಿನೈದು ನಿಮಿಷಕ್ಕೆ ಗಟ್ಟಿ ಆಗುತ್ತೆ, ಬಣ್ಣ ಅದರ ಮೇಲೆ ಅಂಟಿನ ಬಲದಲ್ಲಿ ಕೂತಿರುತ್ತೆ. ಫ್ರೆಸ್ಕೊಗೆ ಅಂಟೇ ಇಲ್ಲ. ಹಸಿ ಸುಣ್ಣದ ಗಾರೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಸುಣ್ಣಕಲ್ಲಾಗುತ್ತೆ, ಆ ಕಲ್ಲಿನೊಳಗೆ ಬಣ್ಣ ಸಿಕ್ಕಿಹಾಕ್ಕೊಳ್ಳುತ್ತೆ. ಒಣಗೋ ಮುಂಚೆ ಮುಗಿಸಲೇಬೇಕು, ಅದಕ್ಕೇ ಆ ದಿನ ಬರೆಯೋವಷ್ಟು ಜಾಗಕ್ಕೆ ಮಾತ್ರ ಗಾರೆ ಹಚ್ಚುತ್ತಿದ್ದರು. ಇತಿಹಾಸ ಇರೋದು ಆ ಗಡಿಬಿಡಿಯಲ್ಲಿ. ತಟ್ಟೆ ಮೇಲಿನ ಹೂವಿನಲ್ಲಿ ಏನಿದೆ? ಮಾಡಿಸೋದಾದರೆ ಸುಣ್ಣದ ಗಾರೆಯಲ್ಲೇ ಮಾಡಿಸು.

ಸುಧಾ: ಸುಣ್ಣ ಕಣ್ಣಿಗೆ ಹಾರಿದರೆ ಅಪ್ಪ-ಅಮ್ಮಂದಿರಿಗೆ ಯಾರು ಉತ್ತರ ಕೊಡ್ತಾರೆ, ನೀನಾ? ಹಾಲ್‌ನವರ ನೆಲ ಯಾರು ತೊಳೀತಾರೆ?

ರಿಜ್ವಾನ್: ಸುಧಾ ಹೇಳೋದು ಸರಿ. ಕಲಸೋದು, ಮೆತ್ತೋದು ಎಲ್ಲ ನಾವೇ ಮಾಡಬೇಕು, ಮಕ್ಕಳ ಕೈಗೆ ಕುಂಚ ಮಾತ್ರ. 8-9 ವರ್ಷದವರಿಗೆ ಮಾತ್ರ, ಗ್ಲೌಸು-ಕನ್ನಡಕ ಹಾಕಿಸಿ. ಸುಟ್ಟ ಸುಣ್ಣದ ಕಲ್ಲು ಹಾಲ್ ಒಳಗೇ ಬರಕೂಡದು, ನೀರು ಬಿದ್ದರೆ ಕುದಿಯುತ್ತೆ. ಮೊದಲೇ ಅರಳಿಸಿ ನೀರಿನಡಿ ಇಟ್ಟ ಸುಣ್ಣದ ಮುದ್ದೆ ತರೋಣ. ಕಣ್ಣಿಗೆ ಬಿದ್ದರೆ ಕಾಲು ಗಂಟೆಗೆ ಕಡಿಮೆ ಇಲ್ಲದೆ ಹರಿಯೋ ನೀರು, ಆಮೇಲೆ ನೇರ ಆಸ್ಪತ್ರೆ.

ಅಳತೆ: ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಜರಡಿ ಹಿಡಿದ ಮರಳು. ಎಂ-ಸ್ಯಾಂಡ್ ಆದರೆ ತೊಳೀಬೇಕು, ಅದರ ಧೂಳು ಜಾಸ್ತಿ ನೀರು ಕೇಳುತ್ತೆ, ಆಮೇಲೆ ಬಿರುಕು. ಒಬ್ಬೊಬ್ಬರಿಗೆ ಹೂಕುಂಡದಡಿ ಇಡೋ ಮಣ್ಣಿನ ತಟ್ಟೆ ಒಂದೊಂದು. ಅದನ್ನ ಗುಳ್ಳೆ ಬರೋದು ನಿಲ್ಲೋವರೆಗೆ ನೀರಲ್ಲಿ ಮುಳುಗಿಸಬೇಕು. ಒಣ ತಟ್ಟೆ ಗಾರೆಯ ನೀರೆಲ್ಲ ಹೀರಿ, ಪುಡಿಪುಡಿಯಾಗಿ ಎದ್ದು ಬರುತ್ತೆ. ಮೊದಲು ಬೆರಳು ದಪ್ಪದ ಒರಟು ಪದರ, ಅದು ಬಿಗಿದ ಮೇಲೆ 3 ಮಿಲಿಮೀಟರ್ ನುಣುಪು ಪದರ. ಬೆರಳಿಟ್ಟರೆ ತಂಪು ಇರಬೇಕು, ಅಂಟಬಾರದು. ಆಗ ಬರೆಯೋಕೆ ಶುರು.

ನಾಗೇಶ: ಗಾರೆ ತೆಳ್ಳಗೆ ಮಾಡಬೇಡ. ಮೈಕೆಲಾಂಜೆಲೊಗೂ ಪ್ರಳಯದ ದೃಶ್ಯ ಬರೆದಾಗ ಬೂಷ್ಟು ಬಂದಿತ್ತು. ನೀರು ಹೆಚ್ಚಾಗಿದೆ ಅಂತ ವಾಸ್ತುಶಿಲ್ಪಿ ಸಂಗಾಲೊ ದಾರಿ ತೋರಿಸಿದ ಅಂತ ಅವನ ಕಾಲದವರೇ ಬರೆದಿದ್ದಾರೆ.

ಸುಧಾ: ಮತ್ತೆ ಆರೇಳು ವರ್ಷದವರು ಏನು ಮಾಡಬೇಕು? ಕೂತು ನೋಡಬೇಕಾ?

ವನಜಕ್ಕ: ಅವರಿಗೆ ಅಜಂತಾ. ಆ ಪಿಡಿಎಫ್ ಅದನ್ನೂ ಫ್ರೆಸ್ಕೊ ಅಂದಿದೆ, ಅದು ಒಣಗಿದ ಗೋಡೆ ಮೇಲೆ ಅಂಟು ಬೆರೆಸಿದ ಬಣ್ಣ. ಚಿಕ್ಕವರಿಗೆ ಅದೇ ಸಲೀಸು, ಗಡಿಬಿಡಿ ಇಲ್ಲ, ಸುಣ್ಣವೂ ಬೇಡ. ಜೇಡಿಮಣ್ಣು ಪಾಟರಿ ಟೌನಿನಲ್ಲಿ ಸಿಗುತ್ತೆ. ಮೂರು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಹಿಡಿ ಹೊಟ್ಟು. ಹೊಟ್ಟು ಬಿಡಬೇಡ, ಬಿರುಕು ಬಿಡದ ಹಾಗೆ ಹಿಡಿಯೋದೇ ಅದು. ಅಂಗೈ ಅಗಲ ತಟ್ಟಿ, ನೆರಳಲ್ಲಿ ಮೂರ್ನಾಲ್ಕು ದಿನ ಒಣಗಲಿ. ಬಿಸಿಲಿಗಿಟ್ಟರೆ ಅಂಚು ಮೇಲೆದ್ದು ಬಾಗುತ್ತೆ. ಮೇಲೆ ಸೀಮೆಸುಣ್ಣದ ಪುಡಿ, ಗೋಂದು ಕಲಸಿ ತೆಳ್ಳಗೆ ಬಳಿ. ಬಣ್ಣಕ್ಕೆ ಕೆಮ್ಮಣ್ಣು, ಇದ್ದಿಲು, ಹಳದಿ ಮಣ್ಣು. ಒಣಗಿದ ಮೇಲೆ ಬೆರಳಿಗೆ ಬಣ್ಣ ಹತ್ತಿದರೆ ಗೋಂದು ಕಡಿಮೆ, ಹೊಳೆದು ಚಕ್ಕೆ ಎದ್ದರೆ ಜಾಸ್ತಿ.

ಸುಧಾ: ಇದು ಆಗೋ ಮಾತು. ಮಣ್ಣಿನ ಹಲಗೆ ಮೊದಲ ದಿನವೇ ತಟ್ಟಿಸಿಬಿಡ್ತೀನಿ. ಪಿಒಪಿ ಮಾತ್ರ ಬಿಡಲ್ಲ. 10 ಕೆಜಿ ತಂದಾಗಿದೆ.

ನಾಗೇಶ: ಗಣೇಶನ ಅಚ್ಚಿಗೆ ಇಟ್ಕೋ 😏

ವನಜಕ್ಕ: ನಾಗೇಶ, ಪಿಒಪಿಗೆ ಅಷ್ಟು ಮೂಗು ಮುರೀಬೇಡಪ್ಪ. ನಮ್ಮ ಕೆ. ವೆಂಕಟಪ್ಪ ಅದರಲ್ಲೇ ಉಬ್ಬುಶಿಲ್ಪ ಮಾಡಿದವರು. ಅವರ ಹೆಸರಿನ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲೇ ಇದೆ. ಪಿಒಪಿಯನ್ನ ಫ್ರೆಸ್ಕೊ ಅನ್ನೋದು ತಪ್ಪು, ಉಬ್ಬುಚಿತ್ರಕ್ಕೆ ಅದೇ ಸರಿ. ಜೇಡಿಮಣ್ಣಿನಲ್ಲಿ ಎಲೆ, ಚಮಚದ ಹಿಡಿ ಒತ್ತಿಸಿ ತಗ್ಗು ಮಾಡಿಸು, ಸುತ್ತ ರಟ್ಟಿನ ಕಟ್ಟೆ ಕಟ್ಟಿ ಸುರಿ. ತಗ್ಗು ಉಬ್ಬಾಗಿ, ಎಡ ಬಲವಾಗಿ ಬರೋದು ಮಕ್ಕಳಿಗೆ ಅಲ್ಲೇ ಕಾಣುತ್ತೆ. ಒಂದು ಲೋಟ ನೀರಿಗೆ ಎರಡು ಲೋಟ ಪುಡಿ. ಪುಡಿಯನ್ನೇ ನೀರಿಗೆ ಉದುರಿಸಬೇಕು, ತಿರುಗಾ ಮುರುಗಾ ಮಾಡಿದರೆ ಗಂಟು. ಒಂದು ನಿಮಿಷ ನೆನೆಯಲಿ, ಮೆಲ್ಲಗೆ ತಿರುವು, ಬೀಸಿದರೆ ಗಾಳಿಗುಳ್ಳೆ. ಗಟ್ಟಿ ಆಗುವಾಗ ಕಾಯುತ್ತೆ, ಯಾರೂ ಕೈ ಅದ್ದಿಟ್ಟುಕೊಂಡು ಕೂರಬಾರದು. ಮಿಕ್ಕಿದ್ದು ಸಿಂಕಿಗೆ ಸುರಿದರೆ ಪೈಪೇ ಕಟ್ಟಿಕೊಳ್ಳುತ್ತೆ.

ರಿಜ್ವಾನ್: ಒಂದು ಮಾತು. ಚಿತ್ರಗಳನ್ನ ಮೊದಲೇ ತೋರಿಸಬೇಡ ಸುಧಾ. ಕೈಕೆಲಸ ಆದಮೇಲೆ ತೋರಿಸು. ಮೊದಲೇ ತೋರಿಸಿದರೆ ಇಪ್ಪತ್ತು ಜನವೂ ಅದನ್ನೇ ನಕಲು ಹೊಡೀತಾರೆ.

ವನಜಕ್ಕ: ನನಗೆ ಒಪ್ಪಿಗೆ ಇಲ್ಲ. ಏನನ್ನೂ ನೋಡದ ಮಗು ಮನೆ, ಸೂರ್ಯ, ಎರಡು ಗುಡ್ಡ ಬರೆದು ಎದ್ದು ಹೋಗುತ್ತೆ. ಒಂದೇ ಒಂದು ತುಣುಕು ತೋರಿಸು, ಒಂದು ಕೈಯೋ ಒಂದು ಆನೆಯೋ. ಪೂರ್ತಿ ಗೋಡೆ ಆಮೇಲೆ.

ರಿಜ್ವಾನ್: ಆನೆ ತೋರಿಸಿದರೆ ಇಪ್ಪತ್ತು ಆನೆ ಬರುತ್ತೆ ಅಕ್ಕ.

ವನಜಕ್ಕ: ಬರಲಿ ಬಿಡು. ಇಪ್ಪತ್ತೂ ಬೇರೆ ಬೇರೆ ಆನೆ.

ಸುಧಾ: ಜಗಳ ಆಮೇಲೆ ಆಡಿ. ಪಿಡಿಎಫ್‌ನಲ್ಲಿ ಹಳದಿಗೆ ಅರಿಶಿನ ಅಂತಿದೆ. ಸುಣ್ಣದ ಗಾರೆಗೂ ಅದನ್ನೇ ಹಾಕ್ಲಾ?

ನಾಗೇಶ: ಅಯ್ಯೋ ಬೇಡ. ಸುಣ್ಣ ತಗುಲಿದರೆ ಅರಿಶಿನ ಕೆಂಪಾಗುತ್ತೆ, ಆರತಿ ನೀರು ಮರೆತೆಯಾ? ಬಿಸಿಲಿಗೆ ಬಣ್ಣವೂ ಹಾರಿಹೋಗುತ್ತೆ. ಯೆಲ್ಲೋ ಓಕರ್, ಅಂದರೆ ಹಳದಿ ಮಣ್ಣಿನ ಪುಡಿ ತಗೋ, ಬರೀ ನೀರಲ್ಲಿ ಅರೆದು ಕೊಡು, ಗೋಂದು ಹಾಕಬೇಡ. ಕೆಂಪಿಗೆ ಕೆಮ್ಮಣ್ಣು. ನೀಲಿಗೆ ಪೊಟ್ಟಣದ ಮೇಲೆ ಅಲ್ಟ್ರಾಮರೀನ್ ಅಂತಿದ್ದರೆ ಮಾತ್ರ.

ವನಜಕ್ಕ: ಒಂದು ತಟ್ಟೆಗೆ ಬೇಕಂತಲೇ ಅರಿಶಿನ ಹಚ್ಚಿಸು ಸುಧಾ. ಸೂರ್ಯ ಕಣ್ಣೆದುರೇ ಕೆಂಪಾಗಲಿ. ಹಳೇ ಗೋಡೆಗಳಲ್ಲಿ ಮಣ್ಣಿನ ಬಣ್ಣವೇ ಯಾಕೆ ಅಂತ ಆಗ ಅವರೇ ಕೇಳ್ತಾರೆ.

ಸುಧಾ: ಸರಿ. 8-9 ವರ್ಷದವರು 9 ಜನ. ಒಡೆಯೋದೂ ಸೇರಿ 12 ತಟ್ಟೆ ತರ್ತೀನಿ. ಅರಳಿಸಿದ ಸುಣ್ಣ ರಿಜ್ವಾನ್ ಕಡೆಯಿಂದ. ನಾಗೇಶ, ಮರಳು ಜರಡಿ ಹಿಡಿಯೋಕೆ ಶನಿವಾರ ಬೆಳಿಗ್ಗೆ ಬಾ. ಬರೀ ಮೆಸೇಜ್ ಹಾಕೊಂಡು ಕೂರಬೇಡ.

ನಾಗೇಶ: 👍 ತಿಂಡಿ ಇದ್ದರೆ.