8080 ಬದಲಾಯಿಸಿದ ಮೇಲೂ ವೈಲ್ಡ್‌ಫ್ಲೈಗೆ ಪೋರ್ಟ್ ಜಗಳ

ಪ್ರಶ್ನೆ:
ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವೈಲ್ಡ್‌ಫ್ಲೈ (ಜಾವಾ ಅಪ್ಲಿಕೇಶನ್ ಓಡಿಸುವ ಸರ್ವರ್) ಹಾಕುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಅದೇ ಥರದ ಟಾಮ್‌ಕ್ಯಾಟ್ ಸರ್ವರ್ ಮೊದಲಿಂದಲೂ ಇದೆ, ಅದನ್ನು ತೆಗೆಯುವ ಹಾಗಿಲ್ಲ. ಎರಡೂ 8080 ಪೋರ್ಟ್ (ಸರ್ವರ್‌ಗೆ ಸಂಪರ್ಕ ಬರುವ ಬಾಗಿಲಿನ ನಂಬರ್) ಕೇಳುತ್ತವೆ ಅಂತ ವೈಲ್ಡ್‌ಫ್ಲೈಗೆ 8081 ಕೊಟ್ಟೆ. ಆ ಎರರ್ ಹೋಯಿತು. ಈಗ 9990ಕ್ಕೆ ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಅಂತ ಬರುತ್ತಿದೆ. ಟಾಮ್‌ಕ್ಯಾಟ್ ನಿಲ್ಲಿಸಿದರೂ ಹೋಗುತ್ತಿಲ್ಲ. ಇದು ಫೈರ್‌ವಾಲ್ ತೊಂದರೆಯಾ?

ಉತ್ತರ 1:
ಫೈರ್‌ವಾಲ್ ಅಲ್ಲ. 9990 ವೈಲ್ಡ್‌ಫ್ಲೈನ ಅಡ್ಮಿನ್ ಕನ್ಸೋಲ್ ಪೋರ್ಟ್. ಹಿಂದೆ ಶುರು ಮಾಡಿದ ವೈಲ್ಡ್‌ಫ್ಲೈ ಒಂದು ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿರಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಾವಾ ಅಂತ ಇರುವುದನ್ನೆಲ್ಲ ಎಂಡ್ ಮಾಡಿ.

ಉತ್ತರ 2:
ದಯವಿಟ್ಟು ಎಲ್ಲ ಜಾವಾ ನಿಲ್ಲಿಸಬೇಡಿ. ಟಾಮ್‌ಕ್ಯಾಟ್ ಕೂಡ ಜಾವಾನೇ, ನೀವು ಕೋಡ್ ಬರೆಯುವ ಎಕ್ಲಿಪ್ಸ್ ಕೂಡ ಜಾವಾನೇ. ಅರ್ಧ ಬರೆದ ಕೆಲಸ ಸುಮ್ನೆ ಹಾಳಾಗುತ್ತದೆ.

ಮೊದಲು ಪೋರ್ಟ್ ಯಾರ ಕೈಯಲ್ಲಿದೆ ಅಂತ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟಾಟ್‌ಗೆ ಎ, ಎನ್, ಒ ಆಯ್ಕೆ ಮೂರನ್ನೂ ಕೊಟ್ಟು ಓಡಿಸಿ. 9990 ಇರುವ ಸಾಲಿನಲ್ಲಿ ‘ಲಿಸನಿಂಗ್’ ಅಂತ ಇದ್ದರೆ ಅದರ ಕೊನೆಯ ಅಂಕಿಯೇ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಗುರುತಿನ ನಂಬರ್. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪಟ್ಟಿಯಲ್ಲಿ ಆ ಪಿಐಡಿ ಹುಡುಕಿ, ಹೆಸರು ಸಿಗುತ್ತದೆ. ಲಿನಕ್ಸ್‌ನಲ್ಲಾದರೆ ಎಸ್‌ಎಸ್ ಅಥವಾ ಎಲ್‌ಎಸ್‌ಒಎಫ್ ಇದೇ ಕೆಲಸ ಮಾಡುತ್ತವೆ. ಬೇರೆ ಬಳಕೆದಾರರ ಪ್ರೋಸೆಸ್ ಹೆಸರು ಕಾಣಬೇಕಾದರೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬೇಕು.

ಈ ಒಂದು ಹೆಜ್ಜೆ ಬಿಟ್ಟು ಊಹೆ ಮೇಲೆ ಅಂಕಿ ಬದಲಾಯಿಸುತ್ತಾ ಹೋಗುವುದನ್ನು ಜಾಸ್ತಿ ನೋಡುತ್ತೇನೆ, ಬೇಜಾರಾಗುತ್ತದೆ. ಅಪ್ಲಿಕೇಶನ್ ಸರ್ವರ್ ಅಂದರೆ ಒಂದೇ ಪೋರ್ಟ್ ಅಲ್ಲ. ವೈಲ್ಡ್‌ಫ್ಲೈ 8080, 8443, 9990 ಕೇಳುತ್ತದೆ. ಗ್ಲಾಸ್‌ಫಿಶ್ ಅನ್ನುವ ಇನ್ನೊಂದು ಸರ್ವರ್‌ಗೆ 8080 ಜೊತೆ 8181, 4848. ಟಾಮ್‌ಕ್ಯಾಟ್‌ಗೂ ನಿಲ್ಲಿಸುವ ಆದೇಶಕ್ಕೆ ಅಂತಲೇ 8005 ಇದೆ. ಒಂದೇ ಮಷೀನ್‌ನಲ್ಲಿ ಎರಡು ಟಾಮ್‌ಕ್ಯಾಟ್ ಹಾಕುವವರು 8080 ಬದಲಾಯಿಸಿ 8005 ಮರೆತರೆ, ಎರಡನೆಯದು ಏಳುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ನೋಡಿದೆ. 9990 ಹಿಡಿದಿರುವುದು ಜಾವಾ ಅಲ್ಲವೇ ಅಲ್ಲ! ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಜೊತೆ ಬಂದ ಒಂದು ಸರ್ವಿಸ್. ಅದನ್ನು ನಿಲ್ಲಿಸಲಾ?

ಉತ್ತರ 2:
ಏನಕ್ಕೆ ಬೇಕೋ ಗೊತ್ತಿಲ್ಲದ ಸರ್ವಿಸ್ ಮುಟ್ಟಬೇಡಿ. ನೀವೇ ಪಕ್ಕಕ್ಕೆ ಸರಿಯುವುದು ಸುಲಭ. ವೈಲ್ಡ್‌ಫ್ಲೈನ ಸೆಟ್ಟಿಂಗ್‌ಗಳಿರುವ ಸ್ಟ್ಯಾಂಡ್‌ಅಲೋನ್ ಎಕ್ಸ್‌ಎಂಎಲ್ ಫೈಲಿನ ಕೊನೆಯಲ್ಲಿ ಸಾಕೆಟ್ ಬೈಂಡಿಂಗ್ ಗ್ರೂಪ್ ಇದೆ. ಅಲ್ಲಿ ಪೋರ್ಟ್ ಆಫ್‌ಸೆಟ್ (ಎಲ್ಲ ಪೋರ್ಟ್‌ಗೂ ಕೂಡಿಸುವ ಅಂಕಿ) ಸೊನ್ನೆ ಇರುತ್ತದೆ, 100 ಮಾಡಿ. 8080 ಹೋಗಿ 8180 ಆಗುತ್ತದೆ, 8443 ಹೋಗಿ 8543, 9990 ಹೋಗಿ 10090. ಎಲ್ಲವೂ ಒಟ್ಟಿಗೆ ಸರಿಯುವುದರಿಂದ ಯಾವುದನ್ನೂ ಮರೆಯುವ ಭಯವಿಲ್ಲ. ಆದರೆ ನೀವು ಹಾಕಿದ 8081 ಅನ್ನು ಮೊದಲು 8080ಕ್ಕೆ ವಾಪಸ್ ತನ್ನಿ. ಇಲ್ಲದಿದ್ದರೆ 8181 ಆಗಿ ಕೂರುತ್ತದೆ, ನೀವು 8180ರಲ್ಲಿ ಹುಡುಕುತ್ತೀರಿ.

ಉತ್ತರ 3:
ವಿಂಡೋಸ್‌ನವರಿಗೆ ಒಂದು ಮಾತು ಸೇರಿಸುತ್ತೇನೆ. ಕೆಲವೊಮ್ಮೆ ನೆಟ್‌ಸ್ಟಾಟ್‌ನಲ್ಲಿ ಯಾರೂ ಕಾಣುವುದಿಲ್ಲ, ಆದರೂ ಪೋರ್ಟ್ ಸಿಗುವುದಿಲ್ಲ. ವರ್ಚುವಲ್ ಮಷೀನ್ ಓಡಿಸುವ ಹೈಪರ್-ವಿ ಆನ್ ಇದ್ದರೆ ವಿಂಡೋಸ್ ಕೆಲವು ಪೋರ್ಟ್‌ಗಳನ್ನು ಗುಂಪಾಗಿ ಕಾದಿರಿಸಿಕೊಳ್ಳುತ್ತದೆ. ಆಗ ಎರರ್ ‘ಇನ್ ಯೂಸ್’ ಅಂತ ಅಲ್ಲ, ಅನುಮತಿ ಇಲ್ಲ ಅನ್ನುವ ಥರ ಬರುತ್ತದೆ. ನೆಟ್‌ಶ್ ಕಮಾಂಡ್‌ನಲ್ಲಿ ಎಕ್ಸ್‌ಕ್ಲೂಡೆಡ್ ಪೋರ್ಟ್ ರೇಂಜ್ ಕೇಳಿದರೆ ಆ ಪಟ್ಟಿ ಸಿಗುತ್ತದೆ. ಅದರೊಳಗೆ ಬೀಳದ ಅಂಕಿ ಆರಿಸಿ.

ಪ್ರಶ್ನೆ ಕೇಳಿದವರು:
ಆಫ್‌ಸೆಟ್ ಹಾಕಿದೆ, ಎದ್ದಿತು! 8180ರಲ್ಲಿ ವೆಲ್ಕಮ್ ಪುಟ ಬಂತು, ಟಾಮ್‌ಕ್ಯಾಟ್ ಕೂಡ ತನ್ನ 8080ರಲ್ಲಿ ಓಡುತ್ತಿದೆ. ಆದರೆ ಜೆಬಾಸ್ ಸಿಎಲ್‌ಐ (ವೈಲ್ಡ್‌ಫ್ಲೈಗೆ ಕಮಾಂಡ್ ಕೊಡುವ ಟೂಲ್) ಮಾತ್ರ ಕನೆಕ್ಟ್ ಆಗುತ್ತಿಲ್ಲ.

ಉತ್ತರ 2:
ಅದು ಇನ್ನೂ 9990ನ್ನೇ ತಟ್ಟುತ್ತಿದೆ. ಸಿಎಲ್‌ಐ ತೆರೆಯುವಾಗ ಕಂಟ್ರೋಲರ್ ಆಯ್ಕೆಯಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 10090 ಅಂತ ಕೊಡಿ. ನಿಮ್ಮ ಡಿಪ್ಲಾಯ್ ಸ್ಕ್ರಿಪ್ಟ್‌ಗಳಲ್ಲೂ ಹಳೆಯ ಅಂಕಿ ಇದ್ದರೆ ಈಗಲೇ ಬದಲಾಯಿಸಿ.