ಮೀನು ಬೀಳುತ್ತಿರುವಾಗಲೇ ಬಲೆ ಎತ್ತಿದ್ದು ಯಾಕೆ? (ಸರೋಜಿನಿ ನಾಯ್ಡು ಬಗ್ಗೆ ಒಂದು ಪ್ರಶ್ನೆ)

ಮಲ್ಪೆ ಟೀಚರ್:
ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಮೊನ್ನೆ ಸರೋಜಿನಿ ನಾಯ್ಡು ಅವರ ಕೋರಮಂಡಲ (ತಮಿಳುನಾಡು, ಆಂಧ್ರದ ಕಡೆಯ ಪೂರ್ವ ಕರಾವಳಿ) ಮೀನುಗಾರರ ಪದ್ಯ ತೆಗೆದುಕೊಂಡೆ. ಬರುವ ಅರ್ಧ ಮಕ್ಕಳ ಮನೆಯಲ್ಲಿ ಬೋಟಿಗೆ ಹೋಗುವವರಿದ್ದಾರೆ, ಸುಲಭ ಆಗಬಹುದು ಅಂದುಕೊಂಡೆ.

ಜಗಲಿಯಲ್ಲಿ ಅಪ್ಪ ಬಲೆ ರಿಪೇರಿ ಮಾಡುತ್ತಾ ಕೂತಿದ್ದರು. ನಾನು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಬೆಳಕು ಹರಿಯಿತು ಏಳಿ, ಕಟ್ಟುಮರ ನೀರಿಗೆ ಬಿಡೋಣ, ಕಡಲಿಗೆ ನಾವೇ ರಾಜರು ಅಂತ. "ರಾಜರಾ? ಹಾಗಾದರೆ ಡೀಸೆಲ್ ಸಾಲ ಯಾರು ಕಟ್ಟುವುದು?" ಅಂದರು ಅಪ್ಪ. ಮಕ್ಕಳೆಲ್ಲ ನಕ್ಕರು. ಆದರೆ ಕಡಲು ತಾಯಿ, ಮೋಡ ಒಡಹುಟ್ಟಿದವನು ಅನ್ನುವ ಸಾಲು ಬಂದಾಗ ಅಪ್ಪನ ಕೈ ನಿಂತಿತು. ಇನ್ನೊಮ್ಮೆ ಓದು ಅಂದರು.

ಈಗ ಪ್ರಶ್ನೆ. ಈ ಪದ್ಯ 1905ರ 'ದಿ ಗೋಲ್ಡನ್ ಥ್ರೆಶೋಲ್ಡ್'ನದು. 1912ರಲ್ಲಿ 'ದಿ ಬರ್ಡ್ ಆಫ್ ಟೈಮ್', 1917ರಲ್ಲಿ 'ದಿ ಬ್ರೋಕನ್ ವಿಂಗ್' ಬಂತು. ಆಗ ಅವರಿಗೆ 38 ವರ್ಷ. ಆಮೇಲೆ 32 ವರ್ಷ ಬದುಕಿದರೂ ಹೊಸ ಸಂಕಲನ ಇಲ್ಲ. ಅಪ್ಪ ಕೇಳಿದ್ದು ಮೇಲಿನ ತಲೆಬರಹ! ಗೈಡಿನಲ್ಲಿ 'ದೇಶಸೇವೆಗಾಗಿ' ಅಂತ ಒಂದು ಸಾಲು ಉಂಟು. ಅಷ್ಟೇನಾ?

ಬಲ್ಮಠದ ಮಾಷ್ಟ್ರು:
ನಿಮ್ಮ ತಂದೆಯವರ ಪ್ರಶ್ನೆ ಗೈಡಿಗಿಂತ ಚೆನ್ನಾಗಿದೆ. ಸರೋಜಿನಿ ಹುಟ್ಟಿದ್ದು ಹೈದರಾಬಾದಿನ ಬಂಗಾಳಿ ಮನೆಯಲ್ಲಿ, 1879ರಲ್ಲಿ. 12ಕ್ಕೇ ಮೆಟ್ರಿಕ್ಯುಲೇಷನ್ ಪಾಸು. 16ಕ್ಕೆ ನಿಜಾಮರ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿಗೆ. ಅಲ್ಲಿ ವಿಮರ್ಶಕ ಎಡ್ಮಂಡ್ ಗಾಸ್‌ಗೆ ತೋರಿಸಿದ ಪದ್ಯಗಳಲ್ಲಿ ಇದ್ದದ್ದೆಲ್ಲ ಇಂಗ್ಲೆಂಡಿನ ಹಕ್ಕಿಗಳು. ಇದನ್ನು ಬಿಡು, ನಿನ್ನ ದೇಶದ್ದು ಬರೆ ಅಂದರಂತೆ ಅವರು. ಪಲ್ಲಕ್ಕಿಯವರು, ಬಳೆಗಾರರು, ನಿಮ್ಮ ಮೀನುಗಾರರು ಪದ್ಯಕ್ಕೆ ಬಂದದ್ದು ಆಮೇಲೆ.

ದೇಶಸೇವೆ ಸುಳ್ಳಲ್ಲ. 1917ರಲ್ಲೇ ಹೆಂಗಸರಿಗೆ ಮತದ ಹಕ್ಕು ಕೇಳಲು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಎದುರು ನಿಯೋಗ ಕರೆದುಕೊಂಡು ಹೋದರು. 1925ರಲ್ಲಿ ಕಾನ್ಪುರ ಕಾಂಗ್ರೆಸ್ಸಿನ ಅಧ್ಯಕ್ಷೆ. 1930ರಲ್ಲಿ ಧಾರಾಸಣಾ ಉಪ್ಪಿನ ಸತ್ಯಾಗ್ರಹ, ಜೈಲು. ಆದರೆ ನನಗೆ ಇನ್ನೊಂದು ಅನುಮಾನ. ಅದೇ 1917ರಲ್ಲಿ ಲಂಡನ್ನಿನಲ್ಲಿ ಹೊಸ ಬಗೆಯ ಪದ್ಯ ಬರೆದ ಕವಿ ಟಿ. ಎಸ್. ಎಲಿಯಟ್‌ನ ಮೊದಲ ಸಂಕಲನ ಬಂತು. ಲಯ, ಪ್ರಾಸ, ಮಲ್ಲಿಗೆ ಇಷ್ಟಪಡುವ ಓದುಗರೇ ಕಡಿಮೆಯಾಗುತ್ತಿದ್ದರು. ಅದು ಅವರಿಗೂ ಗೊತ್ತಾಗಿರಬೇಕು ಅಲ್ವಾ?

ಗಂಗೊಳ್ಳಿಯವ:
ನಾನು ಪದ್ಯ ಓದುವವನಲ್ಲ, 20 ವರ್ಷ ಬೋಟಿನಲ್ಲಿ ಇದ್ದವನು. ಕೋರಮಂಡಲ ಸೂರ್ಯ ಕಡಲಿಂದ ಏಳುವ ಕಡೆ, ನಮ್ಮದು ಮುಳುಗುವ ಕಡಲು. ಇರಲಿ. ಆದರೆ ಅಕ್ಕ, ಇಡೀ ಪದ್ಯದಲ್ಲಿ ಒಂದು ಮೀನಿನ ಹೆಸರಿಲ್ಲ ಮಾರಾಯ್ರೆ! ಮಾವಿನ ತೋಪಿನ ಪರಿಮಳ ಉಂಟು, ಬಂಗುಡೆ ವಾಸನೆ ಇಲ್ಲ. ದಡದಲ್ಲಿ ನಿಂತು ನೋಡಿ ಬರೆದ ಹಾಗೆ ಉಂಟು.

ಕದ್ರಿಯಿಂದ:
ದಡದಿಂದಲೇ ಬರೆದದ್ದು, ಒಪ್ಪಿದೆ. ಆದರೆ ಅದು ಹಾಡು ಅಣ್ಣ, ಮೀನು ಮಾರ್ಕೆಟಿನ ಲೆಕ್ಕ ಅಲ್ಲ.

ಮಾಷ್ಟ್ರು ಒಂದು ಬಿಟ್ಟರು. ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮದುವೆಯಾದದ್ದು ಸರೋಜಿನಿಯವರ ತಮ್ಮ ಹರೀಂದ್ರನಾಥರನ್ನು. ಬಾಲ್ಯದಲ್ಲೇ ವಿಧವೆಯಾಗಿದ್ದ ಹುಡುಗಿ ಆ ಕಾಲದಲ್ಲಿ ಮರುಮದುವೆಯಾಗಿ ಕವಿಗಳ ಮನೆಗೆ ಸೊಸೆಯಾಗಿ ಹೋದಳು! 1926ರಲ್ಲಿ ಮದ್ರಾಸ್ ಶಾಸನಸಭೆಗೆ ಚುನಾವಣೆಗೂ ನಿಂತರು, ಸ್ವಲ್ಪದರಲ್ಲಿ ಸೋತರು. ಮಕ್ಕಳಿಗೆ ಇದನ್ನು ಮೊದಲು ಹೇಳಿ, ಆಮೇಲೆ ಪದ್ಯ ಓದಿ.

ಮತ್ತೆ, 1917ಕ್ಕೆ ಬರೆಯುವುದು ನಿಂತಿತು ಅನ್ನುವುದು ಪೂರ್ತಿ ಸರಿಯಲ್ಲ. 1927ರಲ್ಲಿ ಬರೆದ ಪದ್ಯಗಳಿದ್ದವು. ಸರೋಜಿನಿ ಸಂಯುಕ್ತ ಪ್ರಾಂತ್ಯದ (ಈಗಿನ ಉತ್ತರ ಪ್ರದೇಶ) ರಾಜ್ಯಪಾಲರಾಗಿದ್ದಾಗಲೇ 1949ರಲ್ಲಿ ತೀರಿಕೊಂಡರು. ಮಗಳು ಪದ್ಮಜಾ ಆ ಪದ್ಯಗಳನ್ನು 1961ರಲ್ಲಿ 'ದಿ ಫೆದರ್ ಆಫ್ ದಿ ಡಾನ್' ಅಂತ ಹೊರತಂದರು.

ಮಲ್ಪೆ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಗಂಗೊಳ್ಳಿ ಅಣ್ಣನ ಮಾತು ಕೇಳಿ ಅಪ್ಪ ಜೋರಾಗಿ ನಕ್ಕರು. 1961ರ ಪುಸ್ತಕದ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಮತ್ತೆ ಹೇಳಿದರು: "ಹಾಗಾದರೆ ಬಲೆ ಎತ್ತಲಿಲ್ಲ. ಕೊನೆಗೆ ಸಿಕ್ಕಿದ್ದನ್ನು ಮಾರಲಿಲ್ಲ, ಮನೆಯ ಪದಾರ್ಥಕ್ಕೆ ಇಟ್ಟುಕೊಂಡರು."