ಶಾಲೆಯ ಎಐ ಪಾಲಿಸಿಗೆ ಸುಮ್ನೆ ಸಹಿ ಹಾಕಬೇಡಿ

ಮಗಳ ಶಾಲೆಯಿಂದ ಎಐ ಪಾಲಿಸಿಯ ಕರಡು ಬಂದಿದೆ, ಏನು ಉತ್ತರ ಬರೆಯಲಿ ಅಂತ ಕೇಳಿದ್ದೀರಿ. ನಮ್ಮ ಶಾಲೆಯಿಂದಲೂ ಹೋದ ಟರ್ಮ್‌ನಲ್ಲಿ ಬಂದಿತ್ತು. ಓದೋಕೆ ಚೆನ್ನಾಗಿತ್ತು, "ಜವಾಬ್ದಾರಿಯಿಂದ ಬಳಸಬೇಕು", "ಸೂಕ್ತ ಸಂದರ್ಭದಲ್ಲಿ ಮಾತ್ರ" ಅಂತೆಲ್ಲ. ಯಾವುದು ಸೂಕ್ತ ಅಂತ ಮಾತ್ರ ಎಲ್ಲೂ ಇರಲಿಲ್ಲ.

ಪೂರ್ತಿ ಬ್ಯಾನ್ ಮಾಡಿ ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಅದನ್ನು ನ್ಯೂಯಾರ್ಕ್ ನಗರ ಮಾಡಿ ನೋಡಿಯಾಗಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ, ಅಲ್ಲಿನ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಅದನ್ನು ಬ್ಲಾಕ್ ಮಾಡಿದವು, ಮೇ ತಿಂಗಳಲ್ಲಿ ಆ ನಿರ್ಧಾರವನ್ನು ವಾಪಸ್ ತೆಗೆದುಕೊಂಡವು. ಶಾಲೆಯ ವೈಫೈನಲ್ಲಿ ಬ್ಲಾಕ್ ಮಾಡಿದರೆ ಜೇಬಿನಲ್ಲಿರುವ ಫೋನಿಗೆ ಏನು ಮಾಡೋದು? ಅದಕ್ಕಿಂತ ಪ್ರತಿ ಅಸೈನ್‌ಮೆಂಟ್ ಹಾಳೆಯ ಮೇಲೇ ಟೀಚರ್ ಒಂದು ಸಾಲು ಬರೆಯಲಿ: ಇದರಲ್ಲಿ ಎಐ ಬೇಡ, ಅಥವಾ ಐಡಿಯಾ ಹುಡುಕೋಕೆ ಮಾತ್ರ ಬಳಸಬಹುದು, ಅಥವಾ ಬಳಸಿ ಆದರೆ ಎಲ್ಲಿ ಬಳಸಿದೆ ಅಂತ ಹೇಳಿ. ಗಣಿತದ ಟೀಚರ್ ಒಂದು ಹೇಳಿ ಇತಿಹಾಸದ ಟೀಚರ್ ಇನ್ನೊಂದು ಹೇಳಿದರೂ ಪರವಾಗಿಲ್ಲ, ಹೇಳಿದರೆ ಸಾಕು.

ಆದರೆ ಹೊರದೇಶದಲ್ಲಿ ಮಕ್ಕಳನ್ನು ಓದಿಸುವ ನಮ್ಮಂಥ ಕನ್ನಡದವರು ಕರಡಿನಲ್ಲಿ ಮೊದಲು ಹುಡುಕಬೇಕಾದದ್ದು ಡಿಟೆಕ್ಟರ್ ಅನ್ನುವ ಪದವನ್ನು. ಬರಹ ಎಐದೋ ಮನುಷ್ಯರದೋ ಅಂತ ಶೇಕಡಾವಾರು ಹೇಳುವ ಸಾಫ್ಟ್‌ವೇರ್ ಅದು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರಲ್ಲಿ ಇಂಥದ್ದೊಂದನ್ನು ತಂದಿತ್ತು. ಅದು ಎಐ ಬರಹದಲ್ಲಿ ಹಿಡಿದದ್ದು 26% ಮಾತ್ರ, ಮನುಷ್ಯರು ಬರೆದದ್ದರಲ್ಲಿ 9%ನ್ನು ತಪ್ಪಾಗಿ ಎಐ ಅಂದಿತು. ಆ ವರ್ಷದ ಜುಲೈನಲ್ಲೇ ಕಂಪನಿ ಅದನ್ನು ನಿಲ್ಲಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಇಂಗ್ಲಿಷ್ ಮನೆಮಾತಲ್ಲದವರು ಬರೆದ ಪ್ರಬಂಧಗಳು ಅವು, ಅವುಗಳಲ್ಲಿ ಸರಾಸರಿ 61% ಪ್ರಬಂಧಗಳು ಎಐ ಬರಹ ಅಂತ ಬಂತು! ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಅಂಥ ತಪ್ಪು ತೀರಾ ಕಡಿಮೆ. ಕಾರಣ ಸರಳ, ಮುಂದಿನ ಪದ ಇದೇ ಇರಬಹುದು ಅಂತ ಸುಲಭವಾಗಿ ಊಹಿಸಲು ಆಗುವಂಥ ಬರಹ ಕಂಡರೆ ಡಿಟೆಕ್ಟರ್‌ಗೆ ಅನುಮಾನ. ವ್ಯಾಕರಣದ ಪುಸ್ತಕದಿಂದ ಇಂಗ್ಲಿಷ್ ಕಲಿತವರು ಬರೆಯೋದೇ ಹಾಗೆ, ಅಲ್ವಾ?

ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ತೊಂದರೆ ಅಷ್ಟಿರಲಿಕ್ಕಿಲ್ಲ. ಒಂಬತ್ತನೇ, ಹತ್ತನೇ ಕ್ಲಾಸಿನಲ್ಲಿ ದೇಶ ಬದಲಿಸಿದ ಮಕ್ಕಳದ್ದು ಬೇರೆ ಕಥೆ. ನಮ್ಮ ಪರಿಚಯದವರ ಮಗನಿಗೆ ಹಾಗೇ ಆಯಿತು, ಪ್ರಬಂಧಕ್ಕೆ ಸೊನ್ನೆ, ಜೊತೆಗೆ ಮನೆಗೆ ಒಂದು ಪತ್ರ. ಅವನನ್ನು ಉಳಿಸಿದ್ದು ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ. ಒಂದು ಪ್ಯಾರಾ ಟೈಪ್ ಮಾಡಿದ್ದಾನೆ, ಅರ್ಧ ಅಳಿಸಿದ್ದಾನೆ, ಒಂದೇ ಪದದ ಸ್ಪೆಲ್ಲಿಂಗ್ ಮತ್ತೆ ಮತ್ತೆ ತಿದ್ದಿದ್ದಾನೆ, ಕೊನೆಯ ಪ್ಯಾರಾವನ್ನು ಎತ್ತಿ ಮೊದಲಿಗೆ ಹಾಕಿದ್ದಾನೆ. ಟೀಚರ್ ಅದನ್ನು ನೋಡಿ ಸುಮ್ಮನಾದರು. ಹಾಗಾಗಿ ಕರಡಿಗೆ ಉತ್ತರ ಬರೆಯುವಾಗ ಇದನ್ನಂತೂ ಬಿಡಬೇಡಿ: ಡಿಟೆಕ್ಟರ್ ಅಂಕಿಯೊಂದರ ಮೇಲೆ ಯಾವ ಮಗುವಿಗೂ ಶಿಕ್ಷೆ ಆಗಬಾರದು, ತನ್ನ ಬರಹದ ಕರಡು ಪ್ರತಿ ತೋರಿಸಲು, ಬರೆದದ್ದರ ಬಗ್ಗೆ ಎದುರಿಗೆ ಕೂತು ಮಾತಾಡಲು ಮಗುವಿಗೆ ಅವಕಾಶ ಇರಬೇಕು.

ಅನುವಾದದ ವಿಷಯವನ್ನೂ ಕೇಳಿ. ಪಾಠದ ಒಂದು ಪುಟ ಅರ್ಥವಾಗದೆ ಕನ್ನಡದಲ್ಲಿ ವಿವರಿಸು ಅಂತ ಎಐಗೆ ಕೇಳಿದರೆ ಅದು ಮೋಸವಾ? ನನ್ನ ಪ್ರಕಾರ ಅಲ್ಲ, ಡಿಕ್ಷನರಿ ನೋಡಿದ ಹಾಗೇ. ಆದರೆ ಪಾಲಿಸಿಯಲ್ಲಿ ಬರೆದಿಲ್ಲದಿದ್ದರೆ ಮಾಡಬಹುದೋ ಇಲ್ಲವೋ ಗೊತ್ತಾಗದೆ ಮಗು ಕದ್ದು ಮಾಡುತ್ತೆ.

ವಯಸ್ಸಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಯುನೆಸ್ಕೋ 2023ರ ಮಾರ್ಗದರ್ಶಿಯಲ್ಲಿ ತರಗತಿಯಲ್ಲಿ ಬಳಸಲು ಕನಿಷ್ಠ 13 ವರ್ಷ ಅಂದಿದೆ, ಚಾಟ್‌ಜಿಪಿಟಿಯ ನಿಯಮವೂ 13, ಅಲ್ಲಿಂದ 18 ತುಂಬುವ ತನಕ ಪೋಷಕರ ಒಪ್ಪಿಗೆ ಬೇಕು. ಆದರೂ ಚಿಕ್ಕ ಕ್ಲಾಸುಗಳಲ್ಲಿ ಟೀಚರ್‌ಗಳೇ ಮಕ್ಕಳ ಬರಹವನ್ನು ಎಐಗೆ ಹಾಕಿ ಮಾರ್ಕ್ಸ್ ಕೊಡಿಸುವ ಸಾಧ್ಯತೆ ಇದೆ. ಮಗುವಿನ ಹೆಸರು, ಬರಹ ಯಾವ ಕಂಪನಿಗೆ ಹೋಗುತ್ತೆ, ಮಾರ್ಕ್ಸ್ ಕೊನೆಗೆ ಯಾರು ಕೊಡ್ತಾರೆ ಅಂತ ಕೇಳೋದು ನಮ್ಮ ಹಕ್ಕು. ಪಾಲಿಸಿ ಮಕ್ಕಳಿಗೆ ಮಾತ್ರ ಅಂದರೆ ಹೇಗೆ?

ನಿಮ್ಮ ಕರಡಿನಲ್ಲಿ ಡಿಟೆಕ್ಟರ್ ಬಗ್ಗೆ ಏನಿದೆಯೋ ಆ ಪ್ಯಾರಾ ಇಲ್ಲಿ ಹಾಕಿ, ಉತ್ತರ ಕಳಿಸಲು ಕೊನೆ ದಿನ ಯಾವತ್ತು ಅಂತಾನೂ ತಿಳಿಸಿ. ನಾವು ಬರೆದ ಪತ್ರ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ.